ಮೊದಲ ಸಹಿ

"ಮನೆ ಮಾರೋಕೆ ನಿಮ್ಮಕ್ಕ ಆಗಲೇ ಒಪ್ಪಿದ್ದಾರೆ," ಎಂದಳು ಕನ್ನಡಕದಂಗಡಿಯವಳು. ಮಾತು ನಾಲಿಗೆಯಿಂದ ಜಾರಿದ ಮೇಲೆಯೇ ಅದು ಸುಳ್ಳೆಂದು ಅವಳ ಕಿವಿಗೆ ಬಿದ್ದದ್ದು. ಎದುರಿಗೆ ಕೂತು ಬಟ್ಟೆ ಮಡಿಸುತ್ತಿದ್ದ ತಂಗಿ, ತಲೆ ಪೂರ್ತಿ ನೆರೆತ ಹೆಂಗಸು, ಕೈ ನಿಲ್ಲಿಸಿ ಗೋಡೆಯ ಕಡೆ ನೋಡಿದಳು.

"ಅವಳೇ ಮೊದಲು ಹ್ಞೂಂ ಅಂದಳಾ?"

"ಹೌದು."

"ಹಾಗಾದ್ರೆ ಅವಳಿಗೆ ಸಾಕಾಗಿದೆ." ಅರ್ಧ ಮಡಿಸಿದ್ದ ಬಟ್ಟೆಯನ್ನು ತಂಗಿ ಮತ್ತೆ ಬಿಡಿಸಿ, ಮೊದಲಿನಿಂದ ಮಡಿಸತೊಡಗಿದಳು. "ನಂದೂ ಒಪ್ಪಿಗೆ ಅಂತ ಹೇಳಿ."

ಅಕ್ಕ ಇದ್ದದ್ದು ಆ ಗೋಡೆಯ ಆಚೆಗೇ. ಊರ ನಟ್ಟನಡುವಿನ ಬೀದಿ ಅದು. ನಾಟಕಶಾಲೆಗೆ ಬರುವವರ ಗಲಾಟೆ, ಹೂವಿನ ಗಾಡಿಗಳು, ಟ್ರಾಮಿನ ಗಂಟೆ. ಇವುಗಳ ನಡುವೆ ಭುಜಕ್ಕೆ ಭುಜ ತಾಗಿಸಿ ನಿಂತ ಹಳೆಯ ಸಾಲುಮನೆಗಳು. ಆ ಸಾಲಿನಲ್ಲೇ ದೊಡ್ಡದು ಈ ಮೂರಂತಸ್ತಿನ ಮನೆ. ಅಪ್ಪ ತೀರಿಕೊಂಡ ವರ್ಷ ಅಕ್ಕತಂಗಿಯರು ಜಗಳವಾಡಿ, ಮನೆಯ ನಡುವೆ ಮೇಲಿನಿಂದ ಕೆಳಗಿನ ತನಕ ಗೋಡೆ ಎಬ್ಬಿಸಿದ್ದರು. ನಡುಮನೆಯ ಚಾವಣಿಯಲ್ಲಿ ಯಾವ ಕಾಲದಲ್ಲೋ ಅರಳಿಸಿದ್ದ ಗಾರೆಯ ಹೂವೂ ಪಾಲಾಗಿ, ಒಂದಿಷ್ಟು ಎಸಳು ಆಚೆಗೆ, ಒಂದಿಷ್ಟು ಈಚೆಗೆ ಹೋಗಿದ್ದವು. ಅಗಲವಾದ ಮರದ ಮೆಟ್ಟಿಲು ಅಕ್ಕನ ಪಾಲು, ಹಿತ್ತಲು ತಂಗಿಯದು. ಜಗಳ ಯಾತಕ್ಕೆಂದರೆ ಇಬ್ಬರದೂ ಬೇರೆ ಬೇರೆ ಉತ್ತರ. ಅಂದಿನಿಂದ ಒಬ್ಬರೊಡನೊಬ್ಬರು ತುಟಿ ಬಿಚ್ಚಿದವರಲ್ಲ.

ಎದುರು ಬದಿಯ ಬಾಡಿಗೆ ಅಂಗಡಿಯ ಗಾಜಿನೊಳಗಿಂದ ಈ ಮನೆಯನ್ನು ನೋಡುತ್ತಲೇ ಕನ್ನಡಕದಂಗಡಿಯವಳು ಕಸುಬು ಕಲಿತದ್ದು. ಈಗ ಅಂಗಡಿಯಿರುವ ಆ ಕಟ್ಟಡವನ್ನೇ ಕೆಡವುತ್ತಾರಂತೆ. ಈ ಮನೆ ಸಿಕ್ಕರೆ ಕೆಳಗೆ ಅಂಗಡಿ, ಮೇಲೆ ವಾಸ. ಸಿಗದಿದ್ದರೆ ಕಸುಬನ್ನೇ ಗಂಟುಮೂಟೆ ಕಟ್ಟಬೇಕು. ಆದರೆ ಹಳೆಯ ಕಾಲದ ಕಟ್ಟಡವಾದ್ದರಿಂದ ಅರ್ಧ ಮಾರಲು ಕಾನೂನು ಬಿಡದು. ಮಾರಿದರೆ ಇಡಿಯಾಗಿ, ಇಬ್ಬರೂ ಸೇರಿ. ಅವಳು ಹೋಗಿ ಕೇಳಿದಾಗಲೆಲ್ಲ ಅಕ್ಕ, ಮೊದಲು ತಂಗಿ ಒಪ್ಪಲಿ ಎನ್ನುತ್ತಿದ್ದಳು. ತಂಗಿಯದೂ ಅದೇ ರಾಗ. "ಮನೆ ಒಂದು, ಮೊಂಡು ಎರಡು," ಎಂದು ಕನ್ನಡಕದಂಗಡಿಯವಳ ಗಂಡ ಕೈಚೆಲ್ಲಿದ್ದ.

ಕಣ್ಣು ಪರೀಕ್ಷಿಸುವಾಗ ಅವಳು ಯಾರನ್ನೂ 'ಈಗ ಚೆನ್ನಾಗಿ ಕಾಣುತ್ತಲ್ವಾ?' ಎಂದು ಕೇಳಿದವಳಲ್ಲ. ಹಾಗೆ ಕೇಳಿದರೆ ಕಾಣದವರೂ ಹೌದೆನ್ನುತ್ತಾರೆ. ಅವರ ಉತ್ತರ ಅವರ ಬಾಯಿಂದಲೇ ಬರಬೇಕು. ಅಂಥವಳು ಇವತ್ತು ಉತ್ತರವನ್ನೇ ಕೈಗಿತ್ತು ಬಂದಿದ್ದಳು. ಬೀದಿಗಿಳಿದು ಪಕ್ಕದ ಬಾಗಿಲು ತಟ್ಟುವ ಮೊದಲು ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಅಕ್ಕನಿಗೆ ಹೇಳುವುದು ಸುಳ್ಳೇನಲ್ಲ, ತಂಗಿ ಈಗ ಒಪ್ಪಿದ್ದು ನಿಜವೇ ತಾನೆ.

ಅಕ್ಕ ಮೆಟ್ಟಿಲಿನ ಮೇಲೆಯೇ ಕೂತು ಕೇಳಿಸಿಕೊಂಡಳು. ತಂಗಿ ಸ್ವಲ್ಪವೂ ತಡವರಿಸಲಿಲ್ಲವೇ ಎಂದು ವಿಚಾರಿಸಿದಳು. ಇಲ್ಲವೆಂದಳು ಕನ್ನಡಕದಂಗಡಿಯವಳು. ಅಕ್ಕ ಕೂತಲ್ಲೇ ಮೆಟ್ಟಿಲಿನ ಮರವನ್ನು ಸವರಿದಳು.

"ನಾನು ದಿನಾ ಕಾಲು ಬಡಿದೇ ಮೆಟ್ಟಿಲು ಹತ್ತೋದು. ಇದ್ದೀನಿ ಅಂತ ಅವಳಿಗೆ ಗೊತ್ತಾಗ್ಲಿ ಅಂತ," ಎಂದಳು. "ಅವಳೇ ಹೊರಟ ಮೇಲೆ ಗೋಡೆ ಕಾಯ್ಕೊಂಡು ನಾನೇನು ಮಾಡ್ಲಿ. ಆಗಲಿ."

ಆಗಲೇ ನಿಜ ಹೇಳಿಬಿಡಬೇಕಿತ್ತು. ತಂಗಿ ಆ ಬಟ್ಟೆಯನ್ನು ಎರಡು ಸಲ ಮಡಿಸಿದಳೆಂದಾದರೂ ಹೇಳಬೇಕಿತ್ತು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತಲೇ ನೋಂದಣಿಯ ದಿನ ಬಂದುಬಿಟ್ಟಿತು. ಬಡಿಸಿಕೊಂಡ ಅನ್ನವನ್ನು ಹಾಗೇ ಬಿಟ್ಟು ಏಳುತ್ತಿದ್ದಳು. ಮನೆ ಕೊಳ್ಳುವ ಸಂಭ್ರಮವೆಂದು ಗಂಡ ತಿಳಿದ.

ಕಚೇರಿಯಲ್ಲಿ ಅಕ್ಕ ಒಂದು ಕುರ್ಚಿ, ತಂಗಿ ಒಂದು ಕುರ್ಚಿ, ನಡುವೆ ಇವಳು. ಅಧಿಕಾರಿ ಪತ್ರವನ್ನು ಮುಂದೆ ತಳ್ಳಿ, ಮೊದಲು ಯಾರು ಎಂದು ಕೇಳಿದ.

"ಮೊದಲು ಒಪ್ಪಿದವಳು ಹಾಕಲಿ," ಎಂದಳು ತಂಗಿ, ಮೇಜನ್ನು ನೋಡುತ್ತಾ.

"ಅದನ್ನೇ ನಾನೂ ಕಾಯ್ತಿರೋದು," ಎಂದಳು ಅಕ್ಕ.

ತಂಗಿ ತಲೆಯೆತ್ತಿದಳು. ಎಷ್ಟೋ ವರ್ಷಗಳ ಮೇಲೆ ನೇರವಾಗಿ ಆಡಿದ ಮಾತು ಅದು: "ನೀನು ಒಪ್ಪಿದೆ ಅಂತಲ್ವಾ ನಾನು ಒಪ್ಪಿದ್ದು?"

ಇಬ್ಬರ ಕಣ್ಣೂ ನಿಧಾನವಾಗಿ ನಡುವಿನ ಕುರ್ಚಿಯ ಕಡೆ ತಿರುಗಿದವು.

"ಸುಳ್ಳು ಹೇಳಿದ್ದು ನಾನು," ಎಂದಳು ಕನ್ನಡಕದಂಗಡಿಯವಳು. "ಯಾರೂ ಮೊದಲು ಒಪ್ಪಿರಲಿಲ್ಲ. ಸಹಿ ಹಾಕಬೇಡಿ. ಮನೆ ನನಗೆ ಬೇಡ."

ಅಧಿಕಾರಿ ಕಿಟಕಿಯಾಚೆ ನೋಡುತ್ತಾ ಕೂತ. ಬೈಗುಳವನ್ನು ಕಾಯುತ್ತಾ ಅವಳು ಸೆರಗಿನಲ್ಲಿ ಅಂಗೈ ಒರೆಸಿಕೊಂಡಳು. ಅಕ್ಕ ಬೈಯಲಿಲ್ಲ. ಪತ್ರವನ್ನು ಎಳೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿ, ಪೆನ್ನನ್ನು ತಂಗಿಯ ಮುಂದಿಟ್ಟಳು.

"ಸುಳ್ಳು ಅಂತ ಗೊತ್ತಾದ ಮೇಲೂ ಯಾಕೆ?" ಎಂದಳು ತಂಗಿ.

"ನಿಜ ಹೇಳೋಕೆ ಈ ಹುಡುಗಿ ಎಷ್ಟು ಒದ್ದಾಡಿರಬೇಕು," ಎಂದಳು ಅಕ್ಕ. "ಇನ್ನೊಬ್ಬಳಿಗೆ ಸಾಕಾಗಿದೆ ಅಂತ ನಂಬೋಕೆ ನಮಗೆ ಒಂದು ಗಳಿಗೆನೂ ಹಿಡೀಲಿಲ್ಲ, ನೋಡು. ಈ ಸಲ ನಾನೇ ಮೊದಲು."

ತಂಗಿ ಪೆನ್ನು ಎತ್ತಿಕೊಂಡು ಅಕ್ಕನ ಹೆಸರಿನ ಕೆಳಗೆ ತನ್ನ ಹೆಸರು ಬರೆದಳು.