ಹುಳು ಏಳುವುದರೊಳಗೆ ದೆಹಲಿ

ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕುಳಿತ ಬೆಳಿಗ್ಗೆಯೇ ಭಾನುಪ್ರಿಯ ಗಂಡನ ಜೊತೆ ದೆಹಲಿಗೆ ಹೊರಟಳು. ಜ್ವರವೆಂದರೆ ಹುಳು ಪೊರೆ ಬಿಡುವ ಹೊತ್ತು. ಒಂದು ದಿನ ಮೇಲೆ ಒಸಿ ಹೊತ್ತು ಅವು ಸೊಪ್ಪು ಮುಟ್ಟುವುದಿಲ್ಲ. ಅಷ್ಟರೊಳಗೆ ಬಹುಮಾನ ತಗೊಂಡು ವಾಪಸ್ ಬರುವ ಲೆಕ್ಕ ಅವಳದು.

"ಹದಿನೇಳ್ನೂರು ಕಿಲೋಮೀಟ್ರಂತೆ ಅಕ್ಕ. ಎರಡೂಮುಕ್ಕಾಲು ಗಂಟೆಗೆ ಇಳಿಸ್ಬುಡ್ತಾರಂತೆ," ಎಂದಳು ಹೊರಡುವಾಗ.

"ಅದೇನ್ ಮಹಾ. ಮೊನ್ನೆ ಅಕ್ಕೂರಿಂದ ಬೆಂಗ್ಳೂರಿಗೆ ನಂಗೆ ಮೂರು ಗಂಟೆ ಆಯ್ತು. ಅದೂ ನಿಂತ್ಕೊಂಡು," ಎಂದಳು ಓರಗಿತ್ತಿ ಅಂಕಮ್ಮ.

ಅಂಕಮ್ಮನಿಗೆ ಹೊಟ್ಟೆ ಉರಿಯುತ್ತಿತ್ತು. ಮದುವೆಯಾಗಿ ಬಂದಾಗ ಹುಳು ಕಂಡರೆ ಮುಖ ಕಿವುಚುತ್ತಿದ್ದವಳು ಈ ಭಾನುಪ್ರಿಯ. ಕೈ ಹಿಡಿದು ಕಲಿಸಿದವಳು ತಾನು. ಈಗ ನೋಡಿದರೆ ಉತ್ತಮ ಬೆಳೆಗಾರ್ತಿ ಅವಳು, ವಿಮಾನ ಹತ್ತುವವಳೂ ಅವಳು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನು ಬಂತು. "ಇಲ್ಲಿ ಮಂಜು ಕವ್ಕೊಂಡೈತೆ ಅಕ್ಕ, ಆರು ಗಂಟೆ ವಿಮಾನ ಇನ್ನೂ ಹೊಂಟೇ ಇಲ್ಲ. ಹುಳ ಎದ್ವಾ?"

ಅಂಕಮ್ಮ ಭಾನುಪ್ರಿಯಳ ಹುಳುಮನೆಯೊಳಗೇ ನಿಂತಿದ್ದಳು. ಹುಳುಗಳೆಲ್ಲ ಪೊರೆ ಬಿಟ್ಟು ಎದ್ದು, ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು. ಈಗ ಹಸಿವಲ್ಲಿ ಬಿಟ್ಟರೆ ಗೂಡು ಕಡಲೆಕಾಯಿ ಗಾತ್ರವಾಗುತ್ತದೆ.

"ಇಲ್ಲ ಕಣೆ, ಇನ್ನೂ ಎದ್ದಿಲ್ಲ. ನೀ ನಿಧಾನಕ್ಕೆ ಬಾ," ಅಂದಳು.

ಫೋನಿಟ್ಟು ಜಗಲಿಯ ಮೇಲೆ ಕೂತಳು. ಹೊಟ್ಟೆ ತಣ್ಣಗಾಯಿತು. ಮುಂದಿನ ವರ್ಷ ಇವಳನ್ನು ಯಾರು ಕರೆಯುತ್ತಾರೋ ನೋಡೋಣ ಎಂದುಕೊಂಡಳು. ಅರ್ಧ ಗಂಟೆ ಹಾಗೇ ಕೂತಿದ್ದವಳಿಗೆ ಆಮೇಲೆ ಕೂರಲಾಗಲಿಲ್ಲ. ತನ್ನನ್ನೇ ಬೈದುಕೊಂಡು ಎದ್ದಳು. ಭಾನುಪ್ರಿಯ ಕೊಯ್ದಿಟ್ಟಿದ್ದ ಸೊಪ್ಪು ಬಾಡಿತ್ತು; ತನ್ನ ತೋಟದ್ದೇ ತಂದು, ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸಿ, ತಟ್ಟೆ ತಟ್ಟೆಗೂ ಸೊಪ್ಪು ಹಾಕಿದಳು. ಮಧ್ಯಾಹ್ನಕ್ಕೆ ಸೊಂಟ ಹಿಡಿದುಕೊಂಡಿತ್ತು.

ಸಂಜೆ ಬಂದ ಭಾನುಪ್ರಿಯ ಹುಳುಮನೆಗೆ ಒಂದು ಸಲ ಇಣುಕಿ, "ಚೆಂದಾಗಿ ಎದ್ದವೆ," ಎಂದವಳೇ ಫೋನು ತೆಗೆದಳು. "ಅಕ್ಕ, ಇದ್ ನೋಡು."

ಗಂಡ ತೆಗೆದಿದ್ದ ವಿಡಿಯೋದಲ್ಲಿ, ದೆಹಲಿಯ ವೇದಿಕೆಯ ಮೇಲೆ ಕನ್ನಡ ಬಲ್ಲ ಅಧಿಕಾರಿಯೊಬ್ಬರು ಭಾನುಪ್ರಿಯಳನ್ನು ಕೇಳುತ್ತಿದ್ದರು: "ನೀವು ಇಲ್ಲಿದ್ದೀರಿ. ಅಲ್ಲಿ ಹುಳು ಯಾರು ನೋಡಿಕೊಳ್ಳುತ್ತಾರೆ?"

"ಜ್ವರಕ್ಕೆ ಕುಂತವೆ ಸಾರ್. ನಾ ಹೋಗೋಗಂಟ ಯಾರೂ ಬ್ಯಾಡ."

ಅವರು ಅದನ್ನು ಹಿಂದಿಯಲ್ಲಿ ಹೇಳಿದ್ದೇ ತಡ, ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಅಂಕಮ್ಮ ಸೊಪ್ಪಿನ ಹಾಲು ಅಂಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಕಿವಿಯ ಹತ್ತಿರಕ್ಕೆ ಎಳೆದುಕೊಂಡಳು.

"ಆ ಚಪ್ಪಾಳೆ ಮಾತ್ರ ಇನ್ನೊಂದ್ ಸಲ ಹಾಕು."