ಹೊಳೆಗೆ ಜಾರಿದ ಡಬ್ಬಿ

ಮಗಳ ಊಟದ ಡಬ್ಬಿ ತುಂಬುವಾಗ ಅರಿಶಿನ ಎಲೆಯ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ನಿಂತುಬಿಡುತ್ತದೆ.

ನಾನೂ ತಂಗಿಯೂ ಶಾಲೆಗೆ ಹೋಗುತ್ತಿದ್ದ ಕಾಲ. ಒಂದು ಬೆಳಿಗ್ಗೆ ಅಮ್ಮ ಅದೇ ಎಲೆಯಲ್ಲಿ ಬೇಯಿಸಿದ ಸೌತೆಕಾಯಿ ಕಡುಬನ್ನು ನಮ್ಮಿಬ್ಬರ ಡಬ್ಬಿಗೂ ಹಾಕಿ, "ಸಂಜೆ ತೆಗೆದು ನೋಡ್ತೀನಿ, ಒಂದು ಚೂರೂ ಉಳಿಸ್ಬಾರ್ದು" ಎಂದಿದ್ದಳು. ತಂಗಿಗೆ ಕಡುಬು ಸೇರುತ್ತಿರಲಿಲ್ಲ. ಶಾಲೆಯಿಂದ ಮರಳುವಾಗ ಹೊಳೆಬಾಗಿಲಿನಲ್ಲಿ ಹೊಳೆ ದಾಟಿಸುವ ಲಾಂಚಿನ ಅಂಚಿನಲ್ಲಿ ಕೂತು ಅದನ್ನು ಮೀನಿಗೆ ಎಸೆದಳು. ಡಬ್ಬಿ ತೊಳೆಯಲು ಬಗ್ಗಿದಾಗ ಅದು ಕೈಜಾರಿತು. ಹಿಡಿಯಹೋಗಿ ಅವಳ ತಲೆಯೂ ನೀರಿಗಿಳಿಯಿತು. ಲಾಂಚಿನವನು ಜಡೆ ಹಿಡಿದು ಮೇಲಕ್ಕೆಳೆದ.

"ಡಬ್ಬಿ ಹೋದ್ರೆ ಹೋಗ್ಲಿ ಮಾರಾಯ್ತಿ, ನೀನೆಲ್ಲಿಗೆ ಹೊರಟಿದ್ದೆ?"

ತಂಗಿ ನಡುಗುತ್ತಲೇ, "ಅಮ್ಮ ಬೈತಾಳೆ" ಎಂದಳು.

ಸಂಜೆ ಅವಳ ಒದ್ದೆ ಜಡೆ ಬಿಚ್ಚುತ್ತಾ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆಂದೂ ಅವಳು ನಮ್ಮ ಡಬ್ಬಿ ತೆರೆದು ನೋಡಲಿಲ್ಲ.