ಶನಿವಾರದ ಲಾಗ್

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ನಿಂತ ನರ್ಸ್ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು. "ಶನಿವಾರ ಸ್ಕ್ರೀನ್ ಮೇಲೆ ಎರಡು ಇಂಜೆಕ್ಷನ್ ಅಂತಲೇ ಬಂದಿತ್ತು ಮೇಡಂ. ನಾನಾಗಿ ಹೆಚ್ಚು ಕೊಟ್ಟಿಲ್ಲ. ಸ್ಕ್ರೀನ್ ಮೇಲೆ ಬಂದಿದ್ದೆಲ್ಲಾ ಲಾಗ್‌ನಲ್ಲಿ ದಾಖಲಾಗಿರುತ್ತಲ್ಲ?"

ಆಗಿರಬೇಕಿತ್ತು. ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಸುಗುಣಾ ಲಾಗ್ ಫೋಲ್ಡರ್ ತೆರೆದರೆ ಒಳಗೆ ಏನೂ ಇರಲಿಲ್ಲ. ಹೋದ ವಾರ ಎಲ್ಲವನ್ನೂ ಹೊಸ ಸರ್ವರ್‌ಗೆ ಸಾಗಿಸಿದವಳು ಅವಳೇ. ಆ ಎರಡು ಇಂಜೆಕ್ಷನ್ ಪಡೆದ ರೋಗಿ ಇನ್ನೂ ಐಸಿಯುನಲ್ಲಿದ್ದ, ಕೆಳಗೆ ಪೊಲೀಸರು ಬಂದು ಕೂತಿದ್ದರು.

ಅವಳ ಮೇಲಿನವರಾದ ಗುರುಪಾದ ಸರ್ ಪಕ್ಕದಲ್ಲಿ ಕೂತು ಲಾಗ್ ಬರೆಯುವ ಸ್ಕ್ರಿಪ್ಟನ್ನು ನಿಧಾನವಾಗಿ ಓದಿದರು. "ಇಲ್ಲಿ ನೋಡಮ್ಮ. ಯಾವ ಫೋಲ್ಡರ್‌ಗೆ ಬರೀಬೇಕು ಅಂತ ಈ ಸ್ಕ್ರಿಪ್ಟು ಸಿಸ್ಟಮ್ ಪ್ರಾಪರ್ಟಿಯನ್ನ, ಅಂದ್ರೆ ನಾವು ಮೊದಲೇ ಕೊಟ್ಟಿಡೋ ಹೆಸರನ್ನ, ಕೇಳುತ್ತೆ. ಹೊಸ ಸರ್ವರ್ ಶುರು ಮಾಡುವಾಗ ನೀನು ಆ ಪ್ರಾಪರ್ಟಿನೇ ಕೊಟ್ಟಿಲ್ಲ."

"ಹಾಗಾದ್ರೆ ಏನೂ ಬರೆದೇ ಇಲ್ವಾ ಸರ್?" ಸುಗುಣಾ ಕೇಳಿದಳು.

"ಬರೆದಿರುತ್ತೆ. ಹೆಸರು ಸಿಗಲಿಲ್ಲ ಅಂತ ಅದು ಸುಮ್ಮನೆ ಕೂರಲ್ಲ. 'ನಲ್', ಅಂದ್ರೆ 'ಏನೂ ಇಲ್ಲ', ಅಂತ ತಾನೇ ಒಂದು ಫೋಲ್ಡರ್ ಮಾಡ್ಕೊಂಡು ಅದರೊಳಗೆ ಬರೀತಾ ಹೋಗುತ್ತೆ. ಶನಿವಾರದ್ದೂ ಅಲ್ಲೇ ಇರುತ್ತೆ, ತೆಗಿ."

ನರ್ಸ್ ಅಂಗೈಯಿಂದ ಕಣ್ಣೊರೆಸಿಕೊಂಡಳು. "ಬದುಕಿಸಿದ್ರಿ ಸರ್."

ಸುಗುಣಾಳ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಬೆಳಿಗ್ಗೆ, ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆ ಬಂದಾಗ, ಯಾವುದೋ ಕಸವೆಂದು ಅವಳು ಮೊಟ್ಟಮೊದಲು ಅಳಿಸಿ ಹಾಕಿದ್ದು ಆ 'ನಲ್' ಫೋಲ್ಡರನ್ನೇ.